ವಿಸಿಟ್ ವೀಸಾದಲ್ಲಿ ಹೋಗಿ ಕಂಪೆನಿಯ ಖರ್ಚು ಹೊರುವವರು

ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ ಕೆಲಸ ಹಿಡಿಯುವುದು ನಮ್ಮ ಕರಾವಳಿಯಲ್ಲಿ ಗುಟ್ಟಿನ ಸಂಗತಿಯೇನಲ್ಲ. ಭಟ್ಕಳದಿಂದ ಉಳ್ಳಾಲದವರೆಗೆ ಯಾವ ಊರಲ್ಲಿ ವಿಚಾರಿಸಿದರೂ ‘ವಿಸಿಟ್‌ನಲ್ಲಿ ಹೋಗಿದ್ದಾನೆ, ಇನ್ನೂ ಏನೂ ಆಗಿಲ್ಲ’ ಎನ್ನುವ ಮನೆ ಒಂದಾದರೂ ಸಿಗುತ್ತದೆ. ಕಲಬುರಗಿ, ಬೀದರ್ ಕಡೆಯವರಿಗೂ ಈ ದಾರಿ ಹೊಸತಲ್ಲ. ಪ್ರವಾಸಿ ವೀಸಾ, ಹೋಗುವುದಕ್ಕೆ ಮಾತ್ರ ಟಿಕೆಟ್, ಫೈಲಿನಲ್ಲಿ ಬಯೋಡೇಟಾದ ಹತ್ತಾರು ಪ್ರತಿ, ಅಲ್ಲಿರುವ ನೆಂಟನ ಫೋನ್ ನಂಬರ್. ಇಷ್ಟಿದ್ದರೆ ಹೊರಟಾಯಿತು. ಇಂಥವರ ಸುದ್ದಿ ಪತ್ರಿಕೆಗೆ ಬರುವುದು ಮೋಸ ಹೋದಾಗ ಮಾತ್ರ. ಆಗ ಏಜೆಂಟನಿಗೆ ಶಾಪ ಹಾಕಿ, ಹುಡುಗರ ಆತುರದ ಬಗ್ಗೆ ಎರಡು ಬುದ್ಧಿಮಾತು ಆಡಿ ಸುಮ್ಮನಾಗುತ್ತೇವೆ. ಮೋಸವೇ ಆಗದೆ, ಎಲ್ಲವೂ ಸುಸೂತ್ರವಾಗಿ ನಡೆದು, ಕೆಲಸವೂ ಸಿಕ್ಕಿದವರ ವಿಷಯದಲ್ಲಿ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ನನ್ನ ತಕರಾರು ಇರುವುದು ಅಲ್ಲಿಯೇ. ಕೆಲಸದ ವೀಸಾ ಕೈಗೆ ಬರುವ ಮುನ್ನ ವನ್‌ವೇ ಟಿಕೆಟ್ ಹಿಡಿದು ಹೋಗುವವನು ಮೋಸ ಹೋಗದಿದ್ದರೂ ಕಳೆದುಕೊಳ್ಳುತ್ತಾನೆ. ಅವನು ಕಳೆದುಕೊಂಡದ್ದು ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಕಂಪೆನಿಗೆ ಉಳಿತಾಯವಾಗುತ್ತದೆ.

ವ್ಯವಸ್ಥೆ ನಡೆಯುವುದು ಹೀಗೆ. ಸಂಯುಕ್ತ ಅರಬ್ ಎಮಿರೇಟ್ಸ್ 30 ಅಥವಾ 60 ದಿನಗಳ ಪ್ರವಾಸಿ ವೀಸಾ ಕೊಡುತ್ತದೆ. ಅದರಲ್ಲಿ ಇದ್ದುಕೊಂಡು ದುಡಿಯುವಂತಿಲ್ಲ. ಆದರೆ ಆ ಅವಧಿಯೊಳಗೆ ಕಂಪೆನಿಯೊಂದು ಕೆಲಸ ಕೊಟ್ಟು ಪರವಾನಗಿ ಪಡೆದರೆ, ದೇಶ ಬಿಡದೆಯೇ ಶುಲ್ಕ ಕಟ್ಟಿ ಸ್ಟೇಟಸ್ ಚೇಂಜ್ ಮಾಡಿಸಿಕೊಳ್ಳಬಹುದು. ಹಿಂದೆ ಇದು ಇಷ್ಟು ಸಲೀಸಾಗಿರಲಿಲ್ಲ. ವೀಸಾ ಬದಲಿಸಬೇಕಾದವರು ದೇಶದಿಂದ ‘ಎಕ್ಸಿಟ್’ ಆಗಿ ಮತ್ತೆ ಒಳಗೆ ಬರಬೇಕಿತ್ತು. ಅದಕ್ಕೆ ಅಗ್ಗದ ಜಾಗ ಇರಾನಿನ ಕಿಶ್ ದ್ವೀಪ. ಹೊಸ ವೀಸಾ ಬರುವವರೆಗೆ ಅಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯುತ್ತ ಕೂರುವುದು ಕೊಲ್ಲಿಯ ಹಳಬರಿಗೆಲ್ಲ ಗೊತ್ತಿರುವ ಕಥೆ. 2004ರ ಫೆಬ್ರುವರಿ 10ರಂದು ಕಿಶ್‌ನಿಂದ ಬಂದ ಫಾಕರ್ ವಿಮಾನವೊಂದು ಶಾರ್ಜಾದಲ್ಲಿ ಇಳಿಯುವಾಗ ನೆಲಕ್ಕಪ್ಪಳಿಸಿ 43 ಮಂದಿ ಸತ್ತರು. ಹೀಗೆ ವೀಸಾ ಬದಲಾವಣೆಗೆಂದು ಹೋಗಿ ಮರಳುತ್ತಿದ್ದವರು ಆ ವಿಮಾನದಲ್ಲಿದ್ದರು, ಭಾರತೀಯರೂ ಇದ್ದರು. ಇಂದು ಆ ಅಲೆದಾಟ ಬಹುಮಟ್ಟಿಗೆ ತಪ್ಪಿದೆ. ದಾರಿ ಸಲೀಸಾದಷ್ಟೂ ಅದರಲ್ಲಿ ನುಗ್ಗುವವರು ಹೆಚ್ಚುತ್ತಾರೆ, ನುಗ್ಗುವವರು ಹೆಚ್ಚಿದಷ್ಟೂ ಅಲ್ಲಿನ ಕಂಪೆನಿಗಳು ಭಾರತಕ್ಕೆ ಬಂದು ಸಂದರ್ಶನ ಮಾಡಿ ಆಳು ಆರಿಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ‘ದುಬೈಯಲ್ಲೇ ಇರುವವರು ಮಾತ್ರ ಸಂಪರ್ಕಿಸಿ’, ‘ವಿಸಿಟ್ ವೀಸಾದವರಿಗೆ ಆದ್ಯತೆ’ ಎಂಬ ಜಾಹೀರಾತುಗಳು ಹುಟ್ಟಿದ್ದು ಹೀಗೆ.

ಈ ಆದ್ಯತೆಯ ಹಿಂದಿರುವುದು ಶುದ್ಧ ವ್ಯಾಪಾರದ ಲೆಕ್ಕ. ಮಂಗಳೂರಿನ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕಂಪೆನಿಯೊಂದು ಊರಿನಿಂದಲೇ ನೇಮಿಸಿಕೊಂಡರೆ ನೇಮಕಾತಿ ಏಜೆನ್ಸಿಯ ಶುಲ್ಕ, ವಿಮಾನದ ಟಿಕೆಟ್, ವೀಸಾ ಎಲ್ಲವೂ ಅದರ ತಲೆಗೆ ಬರುತ್ತದೆ. ಬಂದವನು ಕೆಲಸಕ್ಕೆ ಬಾರದವನಾದರೆ ಆ ನಷ್ಟವೂ ಅದರದ್ದೇ. ಎಮಿರೇಟ್ಸಿನ 2021ರ ಕಾರ್ಮಿಕ ಕಾನೂನು, ಅಂದರೆ 33ನೇ ಸಂಖ್ಯೆಯ ಸುಗ್ರೀವಾಜ್ಞೆ, ತನ್ನ 6ನೇ ವಿಧಿಯಲ್ಲಿ ಇದನ್ನು ಖಂಡಿತವಾಗಿ ಹೇಳಿದೆ: ನೇಮಕಾತಿಯ ಖರ್ಚನ್ನು ನೇರವಾಗಲಿ ಸುತ್ತುಬಳಸಿಯಾಗಲಿ ಕಾರ್ಮಿಕನಿಂದ ವಸೂಲಿ ಮಾಡಕೂಡದು. ಒಳ್ಳೆಯ ಕಾನೂನು. ಆದರೆ ವಿಸಿಟ್‌ನಲ್ಲಿ ಹೋದವನ ಮಟ್ಟಿಗೆ ಅದು ಕಾಗದದ ಮೇಲೆಯೇ ಉಳಿಯುತ್ತದೆ, ಏಕೆಂದರೆ ಕಂಪೆನಿಯ ಮುಂದೆ ಹೋಗಿ ನಿಲ್ಲುವ ಹೊತ್ತಿಗೆ ಅವನು ಎಲ್ಲವನ್ನೂ ತಾನೇ ಖರ್ಚು ಮಾಡಿ ಮುಗಿಸಿರುತ್ತಾನೆ. ಟಿಕೆಟ್ ಅವನದು. ಟ್ರಾವೆಲ್ಸಿನವನಿಗೆ ಕೊಟ್ಟ ವೀಸಾ ಹಣ ಅವನದು. ದೇರಾದಲ್ಲೋ ಸತ್ವಾದಲ್ಲೋ ಹಿಡಿದ ಬೆಡ್ ಸ್ಪೇಸಿನ ಬಾಡಿಗೆ, ಶಾರ್ಜಾದಿಂದ ಅಲ್ ಕೂಜ್‌ವರೆಗೆ ವಾಕ್ ಇನ್ ಇಂಟರ್‌ವ್ಯೂಗಳಿಗೆ ಅಲೆದ ಬಸ್ಸು, ಮೆಟ್ರೋ ಚಾರ್ಜು ಅವನದು. ಕಂಪೆನಿ ಯಾವುದನ್ನೂ ಅವನಿಂದ ‘ವಸೂಲಿ’ ಮಾಡಿಲ್ಲ, ಹಾಗಾಗಿ ಕಾನೂನು ಮುರಿದಂತೆಯೂ ಆಗಲಿಲ್ಲ. ಊರಿನ ಸಹಕಾರಿ ಸಂಘದಲ್ಲಿ ತಾಯಿಯ ಬಂಗಾರ ಅಡವಿಟ್ಟು ತಂದ ಹಣ ಅಲ್ಲಿನ ಗುತ್ತಿಗೆದಾರನ ನೇಮಕಾತಿ ವೆಚ್ಚವನ್ನು ತುಂಬಿಕೊಟ್ಟಿತು, ಅಷ್ಟೇ.

ಖರ್ಚಿಗಿಂತ ದೊಡ್ಡ ಪೆಟ್ಟು ಸಂಬಳದಲ್ಲಿ ಬೀಳುತ್ತದೆ. ಊರಲ್ಲಿ ಕುಳಿತು ಆಫರ್ ಲೆಟರ್ ಓದುವವನಿಗೆ ‘ಇದು ಸಾಲದು’ ಎನ್ನುವ ಶಕ್ತಿ ಇರುತ್ತದೆ. ಬೇಡವೆಂದರೆ ಅವನು ಇದ್ದಲ್ಲೇ ಇರುತ್ತಾನೆ, ಅಷ್ಟೇ. ವಿಸಿಟ್‌ನಲ್ಲಿ ಹೋದವನ ಪರಿಸ್ಥಿತಿ ಸಂತೆ ಮುಗಿಯುವ ಹೊತ್ತಿಗೆ ಸೊಪ್ಪಿನ ಕಂತೆ ಉಳಿಸಿಕೊಂಡವನ ಹಾಗೆ. ಕೇಳಿದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳಬೇಕು. ಮೊದಲ ವಾರ ನಾಲ್ಕು ಸಾವಿರ ದಿರ್ಹಮಿಗೆ ಕಡಿಮೆ ಒಪ್ಪುವುದಿಲ್ಲ ಎಂದು ಹೊರಟವನು ಮೂವತ್ತನೇ ದಿನಕ್ಕೆ ಮೂರು ಸಾವಿರಕ್ಕೆ, ಐವತ್ತನೇ ದಿನಕ್ಕೆ ‘ರೂಮ್ ಕೊಟ್ಟರೆ ಸಾಕು ಸರ್’ ಎನ್ನುವಲ್ಲಿಗೆ ಬರುತ್ತಾನೆ. ಎದುರಿಗೆ ಕುಳಿತ ಎಚ್‌ಆರ್‌ನವನು ಮೊದಲು ಕೇಳುವ ಪ್ರಶ್ನೆಗಳಲ್ಲಿ ‘ವೀಸಾ ಎಂದು ಮುಗಿಯುತ್ತದೆ?’ ಎಂಬುದೊಂದು. ಅದನ್ನು ಆಡಳಿತದ ಸೌಕರ್ಯಕ್ಕೆಂದು ಕೇಳುತ್ತಾರೆಂದೇ ಇಟ್ಟುಕೊಂಡರೂ, ಉತ್ತರ ಸಿಕ್ಕಿದ ಕೂಡಲೇ ಚೌಕಾಸಿಯಲ್ಲಿ ಯಾರ ಕೈ ಮೇಲಾಯಿತೆಂದು ಇಬ್ಬರಿಗೂ ತಿಳಿಯುತ್ತದೆ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ, ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಮೇಲೆ. ತಿಂಗಳೊಂದು ಕಳೆದರೆ ಆ ದಂಡವೇ ಮೂವತ್ತು ಸಾವಿರ ದಾಟುತ್ತದೆ. ಹಿಂದಿರುಗುವ ಟಿಕೆಟ್ಟಿಗೇ ಹಣವಿಲ್ಲದವನು ದಂಡವನ್ನು ಎಲ್ಲಿಂದ ಕಟ್ಟಬೇಕು? ಅಂಥವರ ಸಂಖ್ಯೆ ಬೆಳೆದದ್ದರಿಂದಲೇ ಎಮಿರೇಟ್ಸ್ ಸರಕಾರ ಆಗಾಗ ಕ್ಷಮಾದಾನ ಘೋಷಿಸಬೇಕಾಗಿ ಬರುವುದು. 2024ರ ಸೆಪ್ಟೆಂಬರ್ 1ರಂದು ಎರಡು ತಿಂಗಳಿಗೆಂದು ಶುರುವಾದ ಕ್ಷಮಾದಾನವನ್ನು ಡಿಸೆಂಬರ್ 31ರವರೆಗೆ ಎಳೆಯಬೇಕಾಯಿತು.

ಕೆಲಸ ಸಿಕ್ಕವನೂ ಕಳೆದುಕೊಳ್ಳುವ ಇನ್ನೊಂದು ಬಗೆಯಿದೆ, ಅದು ಅವನ ಗಮನಕ್ಕೇ ಬರುವುದಿಲ್ಲ. ಹತ್ತನೇ ತರಗತಿ ಪಾಸಾಗದ ಕಾರ್ಮಿಕರು ಕೊಲ್ಲಿ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಭಾರತ ಸರಕಾರದ ಇ–ಮೈಗ್ರೇಟ್ ವ್ಯವಸ್ಥೆಯ ಮೂಲಕ ಹಾದುಹೋಗಬೇಕು. ಅಲ್ಲಿ ಒಪ್ಪಂದದ ಪ್ರತಿ ದಾಖಲಾಗುತ್ತದೆ. ಯಾವ ದೇಶಕ್ಕೆ ಎಷ್ಟು ಸಂಬಳಕ್ಕಿಂತ ಕಡಿಮೆಗೆ ಆಳು ಕಳಿಸಕೂಡದು ಎಂಬ ಕನಿಷ್ಠ ದರವೂ ಇದೆ. ಈ ದರವನ್ನು ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ ಸರಕಾರ ಇಳಿಸಿದಾಗ ಗದ್ದಲವೆದ್ದು, ಮರುವರ್ಷ ಹಳೆಯ ದರಕ್ಕೇ ಮರಳಬೇಕಾಯಿತು. ಅಂದರೆ ಆ ಕನಿಷ್ಠ ದರಕ್ಕೆ ಬೆಲೆ ಇದೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ಪ್ರವಾಸಿಯೆಂದು ಬರೆಸಿಕೊಂಡು ಹೊರಟವನಿಗೆ ದಾಖಲಾದ ಒಪ್ಪಂದವಿಲ್ಲ, ಕನಿಷ್ಠ ದರದ ಬೆಂಬಲವಿಲ್ಲ, ಈ ವಿಮೆಯೂ ಇಲ್ಲ. ಕೆಲಸ ಹುಡುಕುತ್ತಿರುವಾಗಲೇ ಅವನು ಅಲ್ಲಿ ತೀರಿಹೋದರೆ ಶವ ಊರಿಗೆ ಕಳಿಸುವ ಹೊಣೆ ಹೊರಲು ಮಾಲೀಕನೂ ಇರುವುದಿಲ್ಲ. ರಾಯಭಾರ ಕಚೇರಿಯ ಕಲ್ಯಾಣ ನಿಧಿಗೋ ಊರಿನವರ ಸಂಘಕ್ಕೋ ಮೊರೆಹೋಗಬೇಕು. ಕೊಲ್ಲಿಯ ಕನ್ನಡ ಮತ್ತು ತುಳು ಸಂಘಗಳು ಇಂಥ ಕೆಲಸವನ್ನು ಸದ್ದಿಲ್ಲದೆ ಮಾಡುತ್ತ ಬಂದಿವೆ, ಅದು ಅವರ ದೊಡ್ಡತನ. ಕಂಪೆನಿ ಮತ್ತು ಸರಕಾರ ಹೊರಬೇಕಾದ ಭಾರ ಅವರ ಹೆಗಲಿಗೆ ಬಂದಿದೆ ಎಂಬುದನ್ನೂ ಅದರ ಜೊತೆಗೇ ಹೇಳಬೇಕು.

ನಮ್ಮ ಕಾನೂನು ಎಡವಿರುವುದು ಎಲ್ಲಿ? 1983ರ ವಲಸೆ ಕಾಯ್ದೆಯ ಪ್ರಕಾರ ವಲಸೆಯೆಂದರೆ ಉದ್ಯೋಗಕ್ಕೆ ಸೇರುವ ಉದ್ದೇಶದಿಂದ ಭಾರತ ಬಿಟ್ಟು ಹೊರಡುವುದು. ಈ ವ್ಯಾಖ್ಯೆಯನ್ನು ಅಕ್ಷರಶಃ ತೆಗೆದುಕೊಂಡರೆ ವಿಸಿಟ್‌ನಲ್ಲಿ ಹೊರಟ ಪ್ರತಿಯೊಬ್ಬ ಕೆಲಸಗಾರನೂ ವಲಸಿಗನೇ. ಆದರೆ ಕಾಯ್ದೆಯನ್ನು ಜಾರಿ ಮಾಡುವಾಗ ನೋಡುವುದು ಪಾಸ್‌ಪೋರ್ಟನ್ನು, ಉದ್ದೇಶವನ್ನಲ್ಲ. ಹತ್ತನೇ ತರಗತಿ ಪಾಸಾದವನಿಗೆ ಅನುಮತಿಯ ಅಗತ್ಯವೇ ಇಲ್ಲ, ಅವನು ಹೋದದ್ದು ಇ–ಮೈಗ್ರೇಟಿನಲ್ಲಿ ದಾಖಲಾಗುವುದೂ ಇಲ್ಲ. ಶಾಲೆ ಎಲ್ಲೆಡೆ ತಲುಪಿರುವ ಕರಾವಳಿಯಂಥ ಕಡೆ ಹೊರಡುವ ಬಹುತೇಕ ಹುಡುಗರು ಈ ಗುಂಪಿನವರೇ. ಪಾಸಾಗದವರಿಗೂ ಕಿಂಡಿಯಿದೆ. ಉದ್ಯೋಗಕ್ಕಲ್ಲ, ಬೇರೆ ಕಾರಣಕ್ಕೆ ಹೋಗುತ್ತಿದ್ದೇನೆ ಎನ್ನುವವರು ಸಿಂಧುವಾದ ವೀಸಾ ಮತ್ತು ರಿಟರ್ನ್ ಟಿಕೆಟ್ ತೋರಿಸಿದರೆ 2007ರಿಂದ ಬಿಡುತ್ತಾರೆ. ಈ ನಿಯಮ ಮಾಡಿದವರ ಆಲೋಚನೆ ಸರಿಯಾಗಿಯೇ ಇತ್ತು. ಹಿಂದಿರುಗುವ ಟಿಕೆಟ್ ಇರುವವನಿಗೆ ಕಡೇಪಕ್ಷ ಹಿಂದಿರುಗುವ ದಾರಿ ಇರುತ್ತದೆ. ಅದನ್ನು ಕೆಡಿಸಿದ್ದು ಡಮ್ಮಿ ಟಿಕೆಟ್. ಕೌಂಟರಿನಲ್ಲಿ ತೋರಿಸಲು ಒಂದು ಬುಕಿಂಗ್, ವಿಮಾನ ಹತ್ತಿದ ಮೇಲೆ ಅದು ರದ್ದು. ಟ್ರಾವೆಲ್ಸಿನವರು ಇದನ್ನು ಕೆಲವು ನೂರು ರೂಪಾಯಿಗೆ ಮಾಡಿಕೊಡುತ್ತಾರೆ, ಹೋಟೆಲ್ ಬುಕಿಂಗನ್ನೂ ಹಾಗೆಯೇ.

ಮಂಗಳೂರಿನ ಬಜಪೆ ವಿಮಾನ ನಿಲ್ದಾಣದ ಚೆಕ್ ಇನ್ ಕೌಂಟರಿನ ಮುಂದೆ ಇದೆಲ್ಲ ಪರೀಕ್ಷೆಗೆ ಬರುತ್ತದೆ. ಅಲ್ಲಿ ಕೂತ ಹುಡುಗಿ ವಲಸೆ ಅಧಿಕಾರಿಯಲ್ಲ, ವಿಮಾನ ಕಂಪೆನಿಯ ನೌಕರಳು. ಆದರೂ ರಿಟರ್ನ್ ಟಿಕೆಟ್ ಎಲ್ಲಿ, ಉಳಿಯುವುದೆಲ್ಲಿ, ಕೈಯಲ್ಲಿ ಹಣವೆಷ್ಟು ಎಂದು ಕೇಳುತ್ತಾಳೆ. ಕಾರಣ ಸರಳ: ದುಬೈಯಲ್ಲಿ ಇಳಿದವನನ್ನು ಅಲ್ಲಿನವರು ಒಳಗೆ ಬಿಡದಿದ್ದರೆ ಅವನನ್ನು ವಾಪಸು ತರುವ ಭಾರ ವಿಮಾನ ಕಂಪೆನಿಯದು. 2024ರ ಬೇಸಿಗೆಯಲ್ಲಿ ಎಮಿರೇಟ್ಸ್ ಸರಕಾರ ಈ ತಪಾಸಣೆಯನ್ನು ಬಿಗಿ ಮಾಡಿತು. ರಿಟರ್ನ್ ಟಿಕೆಟ್, ವಸತಿಯ ಪುರಾವೆ, 3,000 ದಿರ್ಹಮ್ ಹಣ ಇಲ್ಲದವರನ್ನು ಭಾರತದ ವಿಮಾನ ನಿಲ್ದಾಣಗಳಲ್ಲೇ ತಡೆಯತೊಡಗಿದರು. ಮೂರು ಸಾವಿರ ದಿರ್ಹಮ್ ಎಂದರೆ ಅರವತ್ತೈದು ಸಾವಿರ ರೂಪಾಯಿಗೂ ಮಿಕ್ಕಿ. ಇದ್ದವರು ತೋರಿಸಿದರು. ಇಲ್ಲದವರು ಆ ಒಂದು ದಿನದ ಮಟ್ಟಿಗೆ ಸಾಲ ತಂದು ತೋರಿಸಿದರು. ಬಿಗಿ ಮಾಡಿದ ನಿಯಮದಿಂದ ಹೊರಡುವವರ ಸಾಲ ಹೆಚ್ಚಿತೇ ಹೊರತು ಅವರ ಉದ್ದೇಶ ಬದಲಾಗಲಿಲ್ಲ.

ಇಲ್ಲಿ ಓದುಗರು ಕೇಳಬಹುದಾದ ಮೊದಲ ಪ್ರಶ್ನೆ ನ್ಯಾಯವಾದದ್ದೇ: ಹೀಗೆ ಹೋಗಿ ಉದ್ಧಾರವಾದವರಿಲ್ಲವೇ? ಖಂಡಿತ ಇದ್ದಾರೆ. ಕರಾವಳಿಯ ಎಷ್ಟೋ ತಾರಸಿ ಮನೆಗಳು, ಎಷ್ಟೋ ತಂಗಿಯರ ಮದುವೆ, ತಮ್ಮಂದಿರ ಎಂಜಿನಿಯರಿಂಗ್ ಓದು ಹೀಗೆ ಹೋದವರ ದುಡಿಮೆಯ ಫಲ. ಅದನ್ನು ಅಲ್ಲಗಳೆಯುವವನು ಈ ಜಿಲ್ಲೆಗಳನ್ನು ನೋಡಿಯೇ ಇಲ್ಲ ಎನ್ನಬೇಕು. ಆದರೆ ಗೆದ್ದವರ ಕಥೆ ನಮ್ಮ ಕಿವಿಗೆ ಬೀಳುವ ರೀತಿಯಲ್ಲಿ ಒಂದು ಓರೆಯಿದೆ. ಕೆಲಸ ಸಿಕ್ಕವನು ರಜೆಗೆ ಬಂದಾಗ ಊರಿಗೆಲ್ಲ ಗೊತ್ತಾಗುತ್ತದೆ. ಎರಡು ತಿಂಗಳು ಅಲೆದು ಬರಿಗೈಯಲ್ಲಿ ಮರಳಿದವನು ಮನೆಯಿಂದ ಹೊರಗೆ ಬರುವುದೇ ಕಡಿಮೆ. ಅವನ ಅಡವಿನ ಚೀಟಿಯನ್ನು ಯಾರೂ ಎಣಿಸುವುದಿಲ್ಲ. ಇನ್ನೊಂದು ಮಾತು. ಹಳೆಯ ತಲೆಮಾರಿನವರು ಹೋದಾಗ ಅಲ್ಲಿ ಅಣ್ಣನೋ ಭಾವನೋ ಇದ್ದ, ಅವನ ಕೋಣೆಯಲ್ಲಿ ಊಟ ನಿದ್ದೆ, ಅವನ ಶಿಫಾರಸಿನಲ್ಲಿ ಕೆಲಸ. ಅವರು ಗೆದ್ದದ್ದು ಆ ಅಣ್ಣನ ಬಲದಿಂದ. ಅಲ್ಲಿ ತನ್ನವರಿಲ್ಲದೆ, ವಾಟ್ಸ್ಆ್ಯಪ್ ಗುಂಪಿನ ಜಾಹೀರಾತು ನೋಡಿ ಇಂದು ಹೊರಡುವವನಿಗೆ ವಿಸಿಟ್ ವೀಸಾ ಒಂದೇ ಇದೆ, ಅಣ್ಣ ಇಲ್ಲ. ಗೆದ್ದವರ ವಿಷಯದಲ್ಲೂ ಕೇಳಬೇಕಾದದ್ದು ಕೆಲಸ ಸಿಕ್ಕಿತೇ ಎಂದಲ್ಲ. ಅದೇ ಕೈಕಸುಬಿಗೆ, ಅದೇ ಕಂಪೆನಿಯಲ್ಲಿ, ಊರಿನಿಂದ ಕರಾರು ಮಾಡಿಕೊಂಡು ಹೋಗಿದ್ದರೆ ಸಿಗುತ್ತಿದ್ದಷ್ಟು ಸಂಬಳ ಸಿಕ್ಕಿತೇ ಎಂದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನೇಮಕಾತಿ ಏಜೆಂಟರ ಮೂಲಕ ಹೋದವರೇನು ಸುಖವಾಗಿದ್ದಾರೆಯೇ? ಕಾನೂನಿನ ಪ್ರಕಾರ ನೋಂದಾಯಿತ ಏಜೆಂಟ್ ಒಬ್ಬ ಕಾರ್ಮಿಕನಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಲಕ್ಷಕ್ಕೆ ಕಡಿಮೆ ಬಾಯಿ ಬಿಡದ ಏಜೆಂಟರು ಎಷ್ಟು ಮಂದಿ ಎಂಬುದು ಹೋದವರಿಗೆಲ್ಲ ಗೊತ್ತು. ‘ಇವನಿಗೆ ಲಕ್ಷ ಕೊಟ್ಟು ಎರಡು ವರ್ಷದ ಬಾಂಡಿನಲ್ಲಿ ಸಿಕ್ಕಿಬೀಳುವುದಕ್ಕಿಂತ ಅದರರ್ಧ ಖರ್ಚಿನಲ್ಲಿ ನಾನೇ ಹೋಗಿ ಕಂಪೆನಿಯ ಮುಖ ನೋಡಿ ಸೇರುತ್ತೇನೆ’ ಎನ್ನುವವನ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಅವನು ದಡ್ಡನಲ್ಲ. ಎರಡು ಕೆಟ್ಟ ದಾರಿಗಳಲ್ಲಿ ಅಗ್ಗದ್ದನ್ನು ಆರಿಸಿಕೊಂಡಿದ್ದಾನೆ. ಆದ್ದರಿಂದಲೇ ‘ಹೋಗಬೇಡಿ’ ಎಂಬ ಸರಕಾರಿ ಎಚ್ಚರಿಕೆಗಳು ಅವನಿಗೆ ತಟ್ಟುವುದಿಲ್ಲ. ನೆಟ್ಟಗಿನ ದಾರಿಯನ್ನು ಕೆಡಿಸಿಟ್ಟು, ಅಡ್ಡದಾರಿ ಹಿಡಿದವನನ್ನು ಬೈಯುವುದು ಯಾವ ನ್ಯಾಯ? 1983ರ ಕಾಯ್ದೆಯಲ್ಲಿ ನೋಂದಣಿಯಿಲ್ಲದೆ ನೇಮಕಾತಿ ನಡೆಸುವವನಿಗೆ ಎರಡು ವರ್ಷದವರೆಗೆ ಜೈಲು ಮತ್ತು 2,000 ರೂಪಾಯಿವರೆಗೆ ದಂಡ ಎಂದಿದೆ. ಎರಡು ಸಾವಿರ ರೂಪಾಯಿ! ನಾಲ್ಕು ದಶಕಗಳ ಹಿಂದೆ ಅದು ಮೊತ್ತವೆನಿಸಿರಬಹುದು. ಇವತ್ತು ಒಬ್ಬ ಗಿರಾಕಿಯ ‘ಪ್ರೊಸೆಸಿಂಗ್ ಚಾರ್ಜಿ’ನ ಮೂಲೆಗೂ ಸಾಲದು. ಈ ವಿಷಯದಲ್ಲಿ ಎಮಿರೇಟ್ಸ್ ನಮಗಿಂತ ಮುಂದಿದೆ. ಪರವಾನಗಿಯಿಲ್ಲದೆ ಕೆಲಸಕ್ಕಿಟ್ಟುಕೊಳ್ಳುವ, ಅಥವಾ ಆಳು ಕರೆಸಿ ಕೆಲಸ ಕೊಡದೆ ಬಿಡುವ ಮಾಲೀಕರಿಗೆ 2024ರ ಆಗಸ್ಟಿನ ತಿದ್ದುಪಡಿ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡ ಹಾಕುತ್ತದೆ.

ಹಾಗಾದರೆ ವನ್‌ವೇ ಟಿಕೆಟಿನವರನ್ನು ವಿಮಾನ ನಿಲ್ದಾಣದಲ್ಲೇ ತಡೆದು ನಿಲ್ಲಿಸಬೇಕೇ? ಬೇಡ. ವಿದೇಶಕ್ಕೆ ಹೋಗುವುದು ವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 1967ರ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲೇ ಹೇಳಿದೆ, 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ತತ್ವದ ಮಾತು ಹಾಗಿರಲಿ, ತಡೆಯುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಮುಂದೆಯೇ ಅನುಭವವಿದೆ. ಹತ್ತನೇ ತರಗತಿ ಪಾಸಾಗದ, 30 ವರ್ಷ ತುಂಬದ ಹೆಣ್ಣುಮಕ್ಕಳು ಈ 18 ದೇಶಗಳಿಗೆ ಕೆಲಸಕ್ಕೆ ಹೋಗುವಂತಿಲ್ಲ ಎಂದು ನಿಯಮವಿದೆ. ರಕ್ಷಣೆಗೆಂದು ಮಾಡಿದ್ದು. ಮನೆಗೆಲಸಕ್ಕೆ ಹೋಗಲೇಬೇಕಾದ ಬಡ ಹೆಂಗಸರು ಅದರಿಂದ ಮನೆಯಲ್ಲಿ ಉಳಿಯಲಿಲ್ಲ, ವಿಸಿಟ್ ವೀಸಾದಲ್ಲಿ ಹೊರಟರು. ಯಾವ ದಾಖಲೆಯೂ ಇಲ್ಲದೆ ಬೇರೆಯವರ ಮನೆಯೊಳಗೆ ದುಡಿಯುವ ಹೆಂಗಸಿಗಿಂತ ಅಸಹಾಯಕರು ಇನ್ನಾರು? ನಮ್ಮ ಹಕ್ಕಿ ಪಿಕ್ಕಿ ಸಮುದಾಯದವರ ಉದಾಹರಣೆಯೂ ಇದೆ. ಅವರು ಯಾರ ಕೈಕೆಳಗೂ ದುಡಿಯಲು ಹೋಗುವವರಲ್ಲ. ಗಿಡಮೂಲಿಕೆ, ತೈಲ ಮಾರಲು ಆಫ್ರಿಕದ ಊರೂರು ತಿರುಗುವವರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಕರ್ನಾಟಕದ ಎಷ್ಟು ಮಂದಿ ಅಲ್ಲಿದ್ದಾರೆ ಎಂಬುದು ಅವರ ಮೊಬೈಲಿನ ವಿಡಿಯೊಗಳಿಂದ ನಮಗೆ ತಿಳಿಯಬೇಕಾಯಿತು. ಅವರನ್ನು ಹೋಗದಂತೆ ತಡೆಯಬೇಕಿತ್ತು ಎಂದು ನಾನು ಹೇಳಲಾರೆ. ಹೋಗಿದ್ದಾರೆಂಬುದು ಯಾವುದಾದರೂ ಒಂದು ಕಚೇರಿಗೆ ಗೊತ್ತಿರಬೇಕಿತ್ತು.

ಈ ಲೆಕ್ಕವಿಲ್ಲದಿರುವಿಕೆ ಮೋಸಗಾರರಿಗೆ ಎಷ್ಟು ಅನುಕೂಲ ಎಂಬುದನ್ನು ಇತ್ತೀಚಿನ ಎರಡು ಪ್ರಕರಣಗಳು ತೋರಿಸಿವೆ. ಥಾಯ್ಲೆಂಡ್ 2023ರ ನವೆಂಬರಿನಲ್ಲಿ ಭಾರತೀಯರಿಗೆ ವೀಸಾ ಬೇಡವೆಂದಿತು. ಡೇಟಾ ಎಂಟ್ರಿ ಕೆಲಸವೆಂದು ನಂಬಿ ಬ್ಯಾಂಕಾಕ್‌ಗೆ ಹೋದ ಹುಡುಗರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿ ಪ್ರದೇಶದ ಬೇಲಿಯೊಳಗೆ ಕೂಡಿಹಾಕಿ ಆನ್‌ಲೈನ್ ವಂಚನೆಗೆ ಹಚ್ಚುತ್ತಿದ್ದರು. 2025ರ ಮಾರ್ಚ್ 10 ಮತ್ತು 11ರಂದು ವಾಯುಪಡೆಯ ವಿಮಾನಗಳಲ್ಲಿ 549 ಮಂದಿಯನ್ನು ಕರೆತರಬೇಕಾಯಿತು. ಇನ್ನೊಂದು ರಷ್ಯಾದ್ದು. ಸಹಾಯಕರ, ಕಾವಲುಗಾರರ ಕೆಲಸವೆಂದು ಹೋದ ಭಾರತೀಯ ಯುವಕರನ್ನು ಉಕ್ರೇನ್ ಯುದ್ಧದ ಮುಂಚೂಣಿಗೆ ತಳ್ಳಲಾಯಿತು. ಅವರಲ್ಲಿ ಕಲಬುರಗಿ ಜಿಲ್ಲೆಯ ಮೂವರಿದ್ದರು, ಅವರು 2024ರ ಸೆಪ್ಟೆಂಬರಿನಲ್ಲಿ ಜೀವಂತ ಮರಳಿದರು. ದುಬೈಯ ಎಲೆಕ್ಟ್ರಿಷಿಯನ್‌ಗೂ ಮ್ಯಾವಡಿಯ ಬಂದಿಗೂ ಹೋಲಿಕೆ ಮಾಡುತ್ತಿಲ್ಲ, ಎರಡರ ಕ್ರೌರ್ಯ ಒಂದೇ ತೂಕದ್ದಲ್ಲ. ಆದರೆ ಹೊರಟ ರೀತಿ ಒಂದೇ. ಪಾಸ್‌ಪೋರ್ಟಿನಲ್ಲಿ ಪ್ರವಾಸಿ, ಮನಸ್ಸಿನಲ್ಲಿ ಕೆಲಸಗಾರ, ಸರಕಾರದ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಎಣಿಸಲು ಬಾರದು ಎನ್ನುವಂತೆಯೂ ಇಲ್ಲ. 2022ರ ಆರಂಭದಿಂದ 2024ರ ಮೇವರೆಗೆ ಪ್ರವಾಸಿ ವೀಸಾದಲ್ಲಿ ಕಾಂಬೋಡಿಯಾ, ಥಾಯ್ಲೆಂಡ್, ಮ್ಯಾನ್ಮಾರ್, ವಿಯೆಟ್ನಾಂಗೆ ಹೋಗಿ ಮರಳದವರು 29 ಸಾವಿರಕ್ಕೂ ಹೆಚ್ಚು ಎಂದು ವಲಸೆ ವಿಭಾಗವೇ ಆಮೇಲೆ ಲೆಕ್ಕ ತೆಗೆದಿತ್ತು. ಅವರೆಲ್ಲ ವಂಚಕರ ಕೈಗೆ ಸಿಕ್ಕವರು ಎಂದರ್ಥವಲ್ಲ. ಯಂತ್ರಕ್ಕೆ ಎಣಿಸಲು ಬರುತ್ತದೆ, ಎಣಿಸು ಎಂದು ಹೇಳುವವರಿಗೆ ಎಚ್ಚರವಾಗುವುದು ತಡವಾಗಿ ಎಂಬುದಷ್ಟೇ ಇದರಿಂದ ತಿಳಿಯುತ್ತದೆ.

ಕೆಲಸ ಹುಡುಕಲು ಪರದೇಶಕ್ಕೆ ಹೋಗುವುದೇ ತಪ್ಪೆಂದು ಯಾವ ದೇಶವೂ ಭಾವಿಸಬೇಕಾಗಿಲ್ಲ. ಎಮಿರೇಟ್ಸ್ 2022ರ ಅಕ್ಟೋಬರಿನಿಂದ ಉದ್ಯೋಗ ಹುಡುಕುವವರಿಗೆಂದೇ 60, 90, 120 ದಿನಗಳ ವೀಸಾ ಇಟ್ಟಿದೆ. ಜರ್ಮನಿಯ ‘ಶಾನ್ಸೆನ್‌ಕಾರ್ಟೆ’ 2024ರ ಜೂನ್‌ನಲ್ಲಿ ಬಂತು. ಒಂದು ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಲೂಬಹುದು, ತಿಂಗಳಿಗೆ ಸಾವಿರ ಯೂರೊಗೂ ಹೆಚ್ಚಿನ ಹಣ ಇದೆಯೆಂದು ಮೊದಲೇ ತೋರಿಸಬೇಕು. ಇಂಥ ವೀಸಾದಲ್ಲಿ ವನ್‌ವೇ ಟಿಕೆಟ್ ಹಿಡಿದು ಹೋಗುವವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅವರು ಸುಳ್ಳು ಹೇಳಬೇಕಿಲ್ಲ, ಗಡುವೂ ಕತ್ತು ಹಿಸುಕುವಷ್ಟು ಬಿಗಿಯಲ್ಲ. ತೊಡಕೆಂದರೆ ಎಮಿರೇಟ್ಸಿನ ಈ ವೀಸಾ ಪದವೀಧರರಿಗೆ, ಅದರಲ್ಲೂ ಉನ್ನತ ಕೌಶಲದ ಮೂರು ಹಂತದವರಿಗೆ ಅಥವಾ ಜಗತ್ತಿನ ಮೊದಲ 500 ವಿಶ್ವವಿದ್ಯಾಲಯಗಳಲ್ಲಿ ಈಚೆಗಷ್ಟೇ ಓದು ಮುಗಿಸಿದವರಿಗೆ. ಬೈಂದೂರಿನ ಐಟಿಐ ಹುಡುಗನಿಗೆ ಆ ಬಾಗಿಲು ತೆರೆಯುವುದಿಲ್ಲ. ಸಾಚಾ ದಾರಿ ಓದಿದವರಿಗೆ, ಸುಳ್ಳಿನ ದಾರಿ ಕೈಕಸುಬಿನವರಿಗೆ ಎಂಬಂತಾಗಿದೆ. ಕೊಲ್ಲಿ ದೇಶಗಳೊಡನೆ ಮಾತುಕತೆಗೆ ಕೂರುವಾಗ ನಮ್ಮವರು ಕೇಳಬೇಕಾದದ್ದು ಇದನ್ನು. ಕುಶಲಕರ್ಮಿಗಳಿಗೂ ಉದ್ಯೋಗಾರ್ಥಿ ವೀಸಾ ಕೊಡಿ, ಹಿಂದಿರುಗುವ ಖರ್ಚಿಗೆ ಠೇವಣಿ ಕಟ್ಟಿಸಿಕೊಳ್ಳಿ, ವಿಸಿಟ್‌ನಲ್ಲಿದ್ದವನನ್ನು ನೇಮಿಸಿಕೊಂಡ ಕಂಪೆನಿಯಿಂದ ಅವನ ಟಿಕೆಟ್ ಮತ್ತು ವೀಸಾ ಖರ್ಚನ್ನು ವಾಪಸು ಕೊಡಿಸಿ. ಅಲ್ಲಿನ ಕಾನೂನಿನ 6ನೇ ವಿಧಿಯ ಆಶಯ ಇದೇ ಆಗಿರುವಾಗ ಈ ಕೊನೆಯದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ನಮ್ಮ ಕಡೆ ಆಗಬೇಕಾದ ಕೆಲಸ ಇನ್ನೂ ಸುಲಭ. ಹತ್ತನೇ ತರಗತಿ ಪಾಸಾದವರೂ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ನೋಂದಾಯಿಸಿಕೊಳ್ಳಬೇಕೆಂದು ಕೇಂದ್ರ ಸರಕಾರ 2018ರ ನವೆಂಬರಿನಲ್ಲಿ ಹೇಳಿತ್ತು. 24 ಗಂಟೆ ಮೊದಲು ನೋಂದಣಿಯಾಗದವರನ್ನು ವಿಮಾನದಿಂದ ಇಳಿಸುತ್ತೇವೆಂದು ಹೆದರಿಸಿದ್ದರಿಂದ ಗಲಾಟೆಯೆದ್ದು ಅದೇ ತಿಂಗಳು ಅದನ್ನು ಕೈಬಿಟ್ಟರು. ಕೆಟ್ಟದ್ದಾಗಿದ್ದುದು ಬೆದರಿಕೆ, ನೋಂದಣಿಯಲ್ಲ. ಕೆಲಸ ಹುಡುಕಲು ಹೋಗುತ್ತಿದ್ದೇನೆ ಎಂದು ನಿಜ ಹೇಳಿದವನನ್ನು ತಡೆಯುವುದಿಲ್ಲ ಎಂಬ ಭರವಸೆ ಕೊಟ್ಟು, ಹಾಗೆ ಹೇಳಿದವನಿಗೆ 375 ರೂಪಾಯಿಯ ಆ ವಿಮೆಯನ್ನು ಅಲ್ಲೇ ಮಾಡಿಸಿ, ಅಲ್ಲಿ ಕೆಲಸ ಸಿಕ್ಕ ದಿನ ಒಪ್ಪಂದದ ಚಿತ್ರವನ್ನು ಮೊಬೈಲಿನಿಂದ ಅದೇ ಖಾತೆಗೆ ಏರಿಸಲು ಬಿಟ್ಟರೆ ನೋಂದಾಯಿಸಿಕೊಳ್ಳದೆ ಹೋಗುವವರು ಕಡಿಮೆಯಾಗುತ್ತಾರೆ. ಕೇರಳದಲ್ಲಿ 1998ರಿಂದ ವಲಸೆ ಸಮೀಕ್ಷೆ ನಡೆಯುತ್ತ ಬಂದಿದೆ. ಅಲ್ಲಿನ ಸರಕಾರ ವಲಸೆ ಹೋಗುವವರಿಗೆಂದು ನಡೆಸುವ ನೋರ್ಕಾ, ಒಡೆಪೆಕ್ ಸಂಸ್ಥೆಗಳ ಹೆಸರು ಹಳ್ಳಿಯವರ ಬಾಯಲ್ಲೂ ಇದೆ. ಕರ್ನಾಟಕದಲ್ಲೂ ಕೌಶಲ ಅಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ, ಆದರೆ ಭಟ್ಕಳದ ಪೇಟೆಯಲ್ಲಿ ನಿಂತು ಅದೆಲ್ಲಿದೆ ಎಂದು ಕೇಳಿದರೆ ಹತ್ತಿರದ ಟ್ರಾವೆಲ್ಸಿನ ಬೋರ್ಡು ತೋರಿಸುವವರೇ ಹೆಚ್ಚು. ಆ ಕೇಂದ್ರದ ಒಂದು ಕಿಟಕಿ ಮಂಗಳೂರು, ಉಡುಪಿ, ಭಟ್ಕಳ, ಕಲಬುರಗಿಗಳಲ್ಲಿ ತೆರೆಯಬೇಕು. ಆಫರ್ ಲೆಟರ್ ಅಸಲಿಯೋ ನಕಲಿಯೋ ಎಂದು ಒಂದು ದಿನದಲ್ಲಿ ನೋಡಿ ಹೇಳಬೇಕು. ಕೊಲ್ಲಿಯಲ್ಲಿ ಯಾವ ಕಸುಬಿಗೆ ಈ ತಿಂಗಳು ಎಷ್ಟು ಸಂಬಳ ನಡೆಯುತ್ತಿದೆ ಎಂದು ಗೋಡೆಗೆ ಅಂಟಿಸಬೇಕು. ಐವತ್ತನೇ ದಿನದ ಚೌಕಾಸಿಯಲ್ಲಿ ಆ ಹುಡುಗನಿಗೆ ಬೇಕಾಗುವುದು ಅದೇ ಮಾಹಿತಿ.

1983ರ ಕಾಯ್ದೆಯನ್ನು ಬದಲಿಸುವ ಮಾತು ಹೊಸದಲ್ಲ. 2021ರಲ್ಲಿ ಒಂದು ಕರಡು ಬಂದು ಹೋಯಿತು, 2025ರ ಅಕ್ಟೋಬರಿನಲ್ಲಿ ವಿದೇಶಾಂಗ ಸಚಿವಾಲಯ ‘ಓವರ್‌ಸೀಸ್ ಮೊಬಿಲಿಟಿ’ ಮಸೂದೆಯ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತು. ಹೊಸ ಕಾಯ್ದೆ ಏಜೆಂಟರಿಗೆ ಎಷ್ಟು ಲಕ್ಷ ದಂಡ ಹಾಕಬೇಕು ಎಂಬ ಚರ್ಚೆ ಬೇಕಾದಷ್ಟು ನಡೆಯುತ್ತದೆ, ನಡೆಯಲಿ. ಕರಾವಳಿಯ ಮತ್ತು ಕಲ್ಯಾಣ ಕರ್ನಾಟಕದ ಸಂಸದರು ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಸದನದಲ್ಲಿ ಎತ್ತಬೇಕು: ಕೆಲಸದ ವೀಸಾ ಇನ್ನೂ ಸಿಗದ, ಆದರೆ ಕೆಲಸಕ್ಕೆಂದೇ ಹೊರಟವನು ಈ ಕಾಯ್ದೆಯ ಪ್ರಕಾರ ವಲಸಿಗನೋ ಪ್ರವಾಸಿಯೋ? ವಲಸಿಗ ಎಂದಾದರೆ ವಿಮೆ, ಒಪ್ಪಂದದ ದಾಖಲೆ, ಕನಿಷ್ಠ ಸಂಬಳದ ಬೆಂಬಲ ಎಲ್ಲವೂ ಅವನಿಗೂ ಸಲ್ಲಬೇಕು.